ಮಗುವಿನ ಒಣ ಚರ್ಮಕ್ಕೆ ಏನು ಹಚ್ಚೋಣ? ಕೊಬ್ಬರಿ ಎಣ್ಣೆ, ವ್ಯಾಸಲೀನ್, ಕ್ರೀಮು: ಒಂದು ಹೋಲಿಕೆ

ಮಗುವಿನ ಕೆನ್ನೆ ಒರಟಾಗಿದೆ, ಕಾಲಿನ ಮೇಲೆ ಬಿಳಿ ಹೊಟ್ಟು ಏಳುತ್ತಿದೆ ಎಂದು ಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ನೋಡಿ. ಸಂಜೆಯೊಳಗೆ ಮದ್ದುಗಳ ಸಂತೆಯೇ ನೆರೆಯುತ್ತದೆ. ಅಜ್ಜಿ ಕೊಬ್ಬರಿ ಎಣ್ಣೆ ಅನ್ನುತ್ತಾರೆ. ಅತ್ತಿಗೆ ತಾನು ತರಿಸಿದ ದುಬಾರಿ ಲೋಶನ್ನಿನ ಫೋಟೋ ಕಳಿಸುತ್ತಾರೆ. ಮಗುವಿಗೆ ಎರೆಯಲು ಬರುವ ಅಮ್ಮ ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ತಿಕ್ಕಿದರೆ ಹೋಗುತ್ತದೆ ಅನ್ನುತ್ತಾರೆ. ಮೆಡಿಕಲ್ ಶಾಪಿನವರು ಏನೂ ಹೇಳದೆ ಸಣ್ಣದೊಂದು ಟ್ಯೂಬು ಮುಂದಿಡುತ್ತಾರೆ. ಇವುಗಳಲ್ಲಿ ಕೆಲವು ಒಳ್ಳೆಯವು, ಕೆಲವು ಬರೀ ಖರ್ಚು, ಒಂದೆರಡು ನಿಜಕ್ಕೂ ಅಪಾಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾದಾ ಒಣ ಚರ್ಮಕ್ಕೆ ಯಾವ ಡಬ್ಬಿಯದು ಹಚ್ಚುತ್ತೀರಿ ಅನ್ನುವುದಕ್ಕಿಂತ ಯಾವಾಗ, ಎಷ್ಟು, ದಿನಕ್ಕೆ ಎಷ್ಟು ಸಲ ಹಚ್ಚುತ್ತೀರಿ ಅನ್ನುವುದೇ ಮುಖ್ಯ. ಅದಕ್ಕೂ ಮೊದಲು, ಮಗುವಿನ ಮೈಗೆ ಈಗ ಬೀಳುತ್ತಿರುವ ಯಾವುದನ್ನು ನಿಲ್ಲಿಸುತ್ತೀರಿ ಅನ್ನುವುದು.

ಅದು ಒಣ ಚರ್ಮವೇ ಹೌದೇ?

ಬೆಳಕಿಗೆ ಹಿಡಿದು ಮೈಯೆಲ್ಲ ನೋಡಿ. ನೋಡಿದರೆ ಸಾಲದು, ಬೆರಳಿನ ಹಿಂಬದಿಯಿಂದ ಸವರಿಯೂ ನೋಡಿ. ಕೆರಳಿದ ಚರ್ಮ ಕೆಂಪಗಾಗುತ್ತದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ನಮ್ಮ ಗೋಧಿಬಣ್ಣದ, ಕಪ್ಪುಬಣ್ಣದ ಮಕ್ಕಳಲ್ಲಿ ಅದು ಕಂದಾಗಿ, ಬೂದಾಗಿ, ಕೆಲವೊಮ್ಮೆ ನೇರಳೆ ಛಾಯೆಯಾಗಿ ಕಾಣುತ್ತದೆ. ಕಣ್ಣಿಗೆ ಕಾಣದಿದ್ದರೂ ಒರಟು ಕೈಗೆ ಸಿಗುತ್ತದೆ.

ಹುಟ್ಟಿದ ಮೊದಲ ಒಂದೆರಡು ವಾರ ಮಣಿಕಟ್ಟು, ಹಿಮ್ಮಡಿ, ಬೆರಳುಗಳಲ್ಲಿ ತೆಳ್ಳಗೆ ಸಿಪ್ಪೆ ಏಳುವುದು ಸಹಜ. ದಿನ ತುಂಬಿ ಮೀರಿ ಹುಟ್ಟಿದ ಮಕ್ಕಳಲ್ಲಿ ಇನ್ನೂ ಹೆಚ್ಚು. ಅದಕ್ಕೆ ಮದ್ದು ಬೇಡ, ಸಿಪ್ಪೆ ಕೀಳುವುದೂ ಬೇಡ.

ನೆತ್ತಿಯ ಮೇಲೆ, ಹುಬ್ಬಿನಲ್ಲಿ ಹಳದಿ ಬಣ್ಣದ ಜಿಡ್ಡು ಹೆಕ್ಕಳೆ ಕಟ್ಟಿದ್ದರೆ ಅದು ಒಣಗಿದ್ದಲ್ಲ. ಮೊದಲ ಕೆಲವು ತಿಂಗಳಲ್ಲಿ ಬಂದು ತಾನಾಗಿ ಹೋಗುತ್ತದೆ. ಸ್ನಾನಕ್ಕೆ ಸ್ವಲ್ಪ ಮೊದಲು ಎಣ್ಣೆ ಸವರಿ ಮೆತ್ತಗಾಗಲು ಬಿಟ್ಟು, ಮೃದುವಾದ ಬ್ರಶ್‌ನಿಂದ ಬಿಡಿಸಿ ತೊಳೆದರೆ ಸಾಕು. ಎಣ್ಣೆಯನ್ನು ದಿನಗಟ್ಟಲೆ ಅಲ್ಲೇ ಬಿಟ್ಟರೆ ಹೆಕ್ಕಳೆ ಇನ್ನಷ್ಟು ಅಂಟಿಕೊಳ್ಳುತ್ತದೆ.

ಕತ್ತು, ಬೆನ್ನು, ಎದೆಯ ಮೇಲೆ ಸಣ್ಣಸಣ್ಣ ಗುಳ್ಳೆಗಳಿದ್ದು ಮುಟ್ಟಿದರೆ ರವೆಯಂತೆ ಸಿಗುತ್ತಿದ್ದರೆ ಅದು ಬೆವರುಸಾಲೆ. ಇಲ್ಲಿಗೆ ಎಣ್ಣೆ, ವ್ಯಾಸಲೀನ್ ಎರಡೂ ಶತ್ರು. ಬೆವರಿನ ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಬಟ್ಟೆ ಕಡಿಮೆ ಮಾಡಿ, ಗಾಳಿ ಆಡಲು ಬಿಡಿ. ಬಾಣಂತನದ ಮನೆಯಲ್ಲಿ ಏಪ್ರಿಲ್ ಸೆಕೆಯಲ್ಲೂ ಉಲ್ಲನ್ ಟೋಪಿ, ಸಾಕ್ಸು, ಎರಡು ಪದರ ಬಟ್ಟೆ ಹಾಕಿ, ಆಮೇಲೆ ಮೈಯೆಲ್ಲ ಗುಳ್ಳೆ ಎಂದು ಗಾಬರಿಯಾಗುವುದು ಪ್ರತಿ ವರ್ಷದ ಕಥೆ.

ಡೈಪರ್ ಅಥವಾ ಲಂಗೋಟಿ ಕಟ್ಟುವ ಜಾಗದ ಉರಿ ಬೇರೆಯೇ. ಅದು ಒದ್ದೆಯಿಂದ ಬಂದದ್ದು. ಅಲ್ಲಿಗೆ ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ದಪ್ಪಗೆ ಹಚ್ಚಿ, ಬೇಗಬೇಗ ಬದಲಿಸಿ, ದಿನಕ್ಕೊಂದಿಷ್ಟು ಹೊತ್ತು ಬರಿಮೈಯಲ್ಲಿ ಬಿಡಿ. ತೊಡೆಸಂದಿನ ಮಡಿಕೆಯೊಳಗೇ ಗಾಢವಾಗಿ ಕೆರಳಿ, ಸುತ್ತ ಚಿಕ್ಕಚಿಕ್ಕ ಚುಕ್ಕೆಗಳು ಚದುರಿದ್ದರೆ ಫಂಗಸ್ ಇರಬಹುದು, ಡಾಕ್ಟರಿಗೆ ತೋರಿಸಬೇಕು.

ಇನ್ನು ಉಳಿದದ್ದು ಎರಡು: ಸಾದಾ ಒಣ ಚರ್ಮ, ಮತ್ತು ಎಕ್ಸಿಮಾ, ಅಂದರೆ ಹಳಬರು ಇಸುಬು ಅನ್ನುತ್ತಿದ್ದದ್ದು. ಎಕ್ಸಿಮಾದಲ್ಲಿ ತುರಿಕೆ ಇದ್ದೇ ಇರುತ್ತದೆ. ಕೈಗೂಸಿಗೆ ಕೆರೆದುಕೊಳ್ಳಲು ಬಾರದಿದ್ದರೂ ಕೆನ್ನೆಯನ್ನು ಹಾಸಿಗೆಗೆ, ನಿಮ್ಮ ಭುಜಕ್ಕೆ ಉಜ್ಜುತ್ತದೆ, ರಾತ್ರಿ ಕಿರಿಕಿರಿ ಮಾಡುತ್ತದೆ. ಮೊದಲ ವರ್ಷ ಇದು ಕೆನ್ನೆ, ಹಣೆ, ಕೈಕಾಲಿನ ಹೊರಬದಿಯಲ್ಲಿ ಹೆಚ್ಚು. ಡೈಪರ್ ಜಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಮೊಣಕೈ, ಮಂಡಿಯ ಮಡಿಕೆಗಳಿಗೆ ಇಳಿಯುವುದು ಆಮೇಲೆ. ಹಲ್ಲು ಬರುವ ಕಾಲದಲ್ಲಿ ಬಾಯಿಯ ಸುತ್ತ ಆಗುವ ಒರಟಿಗೆ ಮಾತ್ರ ಬಹಳ ಸಲ ಜೊಲ್ಲೇ ಕಾರಣ.

ಹಚ್ಚುವುದಕ್ಕೆ ಮೊದಲು ಬಿಡಬೇಕಾದ್ದು

ಮಗುವಿನ ಚರ್ಮದ ಅತಿ ಹೊರಗಿನ ಪದರ ದೊಡ್ಡವರದಕ್ಕಿಂತ ಸುಮಾರು ಶೇ. 30ರಷ್ಟು ತೆಳು. ನೀರನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಕಳೆದುಕೊಳ್ಳುತ್ತದೆ. ಹುಟ್ಟಿದಾಗ ಚರ್ಮದ ಮೇಲ್ಮೈ ಹೆಚ್ಚುಕಡಿಮೆ ತಟಸ್ಥವಾಗಿದ್ದು, ಮುಂದಿನ ವಾರಗಳಲ್ಲಿ ನಿಧಾನವಾಗಿ ಆಮ್ಲೀಯವಾಗಿ ಪಿಎಚ್ (ಆಮ್ಲ, ಕ್ಷಾರದ ಅಳತೆ; 7 ಅಂದರೆ ತಟಸ್ಥ) 5ರ ಆಸುಪಾಸಿಗೆ ಬರುತ್ತದೆ. ಆ ಸಣ್ಣ ಆಮ್ಲೀಯತೆಯೇ ಅದರ ಕಾವಲು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ರ‍್ಯಾಪರ್ ಮೇಲೆ ಮಗುವಿನ ಚಿತ್ರ ಇದ್ದ ಮಾತ್ರಕ್ಕೆ ಸೋಪು ಸೋಪಲ್ಲದೆ ಹೋಗುವುದಿಲ್ಲ.

ಹೀಗಾಗಿ ಒಣ ಚರ್ಮದ ಮಗುವಿಗೆ ದಿನಾ ಮೈತುಂಬ ಸೋಪು ಬೇಡ. ಕತ್ತಿನ ಮಡಿಕೆ, ಕಂಕುಳು, ತೊಡೆಸಂದು ಇಷ್ಟಕ್ಕೆ ಸಾಕು, ಅದೂ ಸುವಾಸನೆ ಇಲ್ಲದ, ಸೋಪುರಹಿತ ದ್ರವ ಕ್ಲೆನ್ಸರ್ ಆದರೆ ಒಳ್ಳೆಯದು. ಉಳಿದ ಮೈಗೆ ನೀರೇ ಸಾಕು. ತೆವಳದ ಕೂಸು ಎಷ್ಟು ತಾನೇ ಕೊಳೆಯಾಗಲು ಸಾಧ್ಯ?

ಇಲ್ಲಿ ನಮ್ಮ ಎಣ್ಣೆನೀರಿನ ಪದ್ಧತಿಯ ಮಾತು ಬರುತ್ತದೆ, ಸ್ವಲ್ಪ ನಿಧಾನವಾಗಿ ಹೇಳಬೇಕು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ನೀವಿ, ಹಂಡೆಯ ಬಿಸಿನೀರು ಎರೆಯುವುದು. ಇದರಲ್ಲಿ ನೀವುವುದು ಬಹಳ ಚೆಂದದ ಭಾಗ. ಮಗು ಸುಖವಾಗಿ ನಿದ್ದೆ ಮಾಡುತ್ತದೆ, ಅಜ್ಜಿಗೂ ಮೊಮ್ಮಗುವಿಗೂ ಒಂದು ಗುರುತು ಬೆಳೆಯುತ್ತದೆ. ಅದನ್ನು ಬಿಡಬೇಕಿಲ್ಲ. ತೊಂದರೆ ಇರುವುದು ಅದರ ಹಿಂದೆಯೇ ಬರುವ ಎರಡರಲ್ಲಿ. ಒಂದು, ಹಬೆಯಾಡುವ ಬಿಸಿನೀರು. ಇನ್ನೊಂದು, ಎಣ್ಣೆ ಹೋಗಬೇಕೆಂದು ಕಡಲೆಹಿಟ್ಟೋ ಹೆಸರುಹಿಟ್ಟೋ ಸೀಗೆಪುಡಿಯೋ ಹಾಕಿ ತಿಕ್ಕುವುದು. ಬಿಸಿನೀರು ಚರ್ಮದ ಸ್ವಂತ ಜಿಡ್ಡನ್ನು ಕರಗಿಸುತ್ತದೆ, ಹಿಟ್ಟು ಉಳಿದದ್ದನ್ನು ಒರೆಸಿಕೊಂಡು ಹೋಗುತ್ತದೆ. ಕಾಲು ಗಂಟೆ ಎಣ್ಣೆ ಹಚ್ಚಿದ್ದೂ ಚರಂಡಿಗೆ, ಮಗುವಿಗೆ ಹುಟ್ಟಿನಿಂದ ಬಂದದ್ದೂ ಚರಂಡಿಗೆ. ಹಣೆಯ, ಬೆನ್ನಿನ ನವಿರು ಕೂದಲು ಹೋಗಲೆಂದು ಹಿಟ್ಟಿನ ಉಂಡೆ ಉರುಳಿಸುವುದಂತೂ ಬೇಡವೇ ಬೇಡ. ಆ ಕೂದಲು ಕೆಲವು ತಿಂಗಳಲ್ಲಿ ತಾನೇ ಉದುರುತ್ತದೆ.

ಮನೆಯಲ್ಲಿ ಜಗಳ ಆಗದಂತೆ ಇದನ್ನು ಹೊಂದಿಸುವುದು ಹೇಗೆ? ಅಜ್ಜಿ ಎಣ್ಣೆ ಹಚ್ಚಿ ನೀವಲಿ. ನೀರು ಮೊಣಕೈ ಅದ್ದಿದರೆ ಉಗುರುಬೆಚ್ಚಗೆ ಅನ್ನಿಸುವಷ್ಟಿರಲಿ, ಎರೆಯುವುದು ಐದರಿಂದ ಹತ್ತು ನಿಮಿಷದಲ್ಲಿ ಮುಗಿಯಲಿ. ಹಿಟ್ಟು ಮಾತ್ರ ಬೇಡ. ಮೈಮೇಲೆ ಸ್ವಲ್ಪ ಎಣ್ಣೆ ಉಳಿದರೆ ಉಳಿಯಲಿ ಅನ್ನಿ. "ಅಮ್ಮಾ, ಡಾಕ್ಟರು ಹಿಟ್ಟು ಬೇಡ ಅಂದಿದ್ದಾರೆ" ಎಂದರೆ ಅರ್ಧ ಕೆಲಸ ಆಗುತ್ತದೆ. ನೀವೇ ಹೇಳಿದ್ದು ಎಂದರೆ ಆಗುವುದಿಲ್ಲ. ಹೊಸದಾಗಿ ಹುಟ್ಟಿದ ಮಗುವಾದರೆ, ಮೊದಲ ಸ್ನಾನಕ್ಕೆ 24 ಗಂಟೆಯಾದರೂ ಕಾಯಿರಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೈಮೇಲಿನ ಬಿಳಿ ಬೆಣ್ಣೆಯಂಥ ಲೇಪ ಕೊಳೆಯಲ್ಲ, ತಿಕ್ಕಿ ತೆಗೆಯಬೇಕಾದ್ದಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಅನುಮಾನ: ಬೋರ್‌ವೆಲ್ಲಿನ ಗಡಸು ನೀರು. ಗಡಸು ನೀರಿರುವ ಕಡೆ ಎಕ್ಸಿಮಾ ಹೆಚ್ಚು ಎಂದು ಕೆಲವು ದೇಶಗಳಲ್ಲಿ ಕಂಡಿರುವುದು ನಿಜ. ಆದರೆ ಇಂಗ್ಲೆಂಡಿನಲ್ಲಿ ಎಕ್ಸಿಮಾ ಇದ್ದ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮನೆಗೆ ನೀರು ಮೆದುಗೊಳಿಸುವ ಯಂತ್ರ ಹಾಕಿಸಿದ್ದರಿಂದ ಎಕ್ಸಿಮಾಕ್ಕೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಗಡಸು ನೀರಿನಲ್ಲಿ ಸೋಪು ಸರಿಯಾಗಿ ತೊಳೆದುಹೋಗದೆ ಮೈಮೇಲೆ ಉಳಿಯುತ್ತದೆ. ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಸೋಪು ಕಡಿಮೆ ಮಾಡಿ ನೋಡಿ.

ಎಣ್ಣೆಗಳಲ್ಲಿ ಯಾವುದು

ಕೊಬ್ಬರಿ ಎಣ್ಣೆ ನಮ್ಮ ಕಡೆಯ ಸಹಜ ಆಯ್ಕೆ, ನನ್ನ ಮಟ್ಟಿಗೆ ಎಣ್ಣೆಗಳಲ್ಲಿ ಮೊದಲನೆಯದೂ ಅದೇ. ಅದರ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಚರ್ಮದ ಮೇಲೆ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳನ್ನು ಅದು ಹತ್ತಿಕ್ಕುತ್ತದೆ. ಫಿಲಿಪ್ಪೀನ್ಸಿನಲ್ಲಿ ಒಂದು ವರ್ಷ ದಾಟಿದ, ಎಕ್ಸಿಮಾ ಇದ್ದ ಮಕ್ಕಳಿಗೆ ಎಂಟು ವಾರ ವರ್ಜಿನ್ ಕೊಬ್ಬರಿ ಎಣ್ಣೆ ಮತ್ತು ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಹಚ್ಚಿ ಹೋಲಿಸಿದಾಗ ಕೊಬ್ಬರಿ ಎಣ್ಣೆಯದೇ ಮೇಲುಗೈಯಾಯಿತು. ಫಲಿತಾಂಶ ಪ್ರಕಟವಾದದ್ದು 2014ರಲ್ಲಿ. ಆದರೆ ಎಣ್ಣೆಗೆ ಎಣ್ಣೆಯ ಮಿತಿ ಇದೆ. ತೆಳುವಾದ ಪದರವಾಗಿ ಕೂತು ಬೇಗ ಬಟ್ಟೆಗೆ ಹತ್ತಿಹೋಗುತ್ತದೆ, ದಿನಕ್ಕೆ ಮೂರು ನಾಲ್ಕು ಸಲ ಹಚ್ಚಬೇಕಾಗುತ್ತದೆ. ಚರ್ಮ ಬಿರಿದಿದ್ದರೆ ಅದೊಂದೇ ಸಾಲದು. ಕೊಳ್ಳುವಾಗ ಅಡುಗೆಗೆ ಬಳಸುವಂಥದ್ದನ್ನೇ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ಇರುವುದನ್ನೇ ಕೊಳ್ಳಿ. ಮಲ್ಲಿಗೆ ಘಮ, ಮೆಂತ್ಯ, ಗಿಡಮೂಲಿಕೆ ಬೆರೆಸಿದ ತಲೆಗೂದಲಿನ ಎಣ್ಣೆ ಮಗುವಿನ ಮೈಗಲ್ಲ. ಗಾಣದ್ದಾದರೂ ಪರವಾಗಿಲ್ಲ, ಕಮಟು ವಾಸನೆ ಬಂದಿರಬಾರದು ಅಷ್ಟೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಎಣ್ಣೆ ಗಟ್ಟಿಯಾಗುತ್ತದೆ, ಅದು ಕೆಟ್ಟಿತು ಅಂತಲ್ಲ. ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ.

ಸೂರ್ಯಕಾಂತಿ ಎಣ್ಣೆ ಎರಡನೆಯದು. ಅದರಲ್ಲಿ ಲಿನೋಲೀಕ್ ಆಮ್ಲ ಹೆಚ್ಚು, ಚರ್ಮ ತನ್ನ ಕಾವಲು ಕಟ್ಟಿಕೊಳ್ಳಲು ಬೇಕಾದ ಪದಾರ್ಥ ಅದು. ಢಾಕಾದ ಶಿಶು ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಆಸ್ಪತ್ರೆ ಸೋಂಕುಗಳು ಕಡಿಮೆಯಾದವೆಂದು 2005ರಲ್ಲಿ ವರದಿಯಾಗಿತ್ತು. ಅದು ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರು ನಡೆದದ್ದು. ಅವಧಿಗೆ ಮುನ್ನ ಹುಟ್ಟಿದ ಮಗು ನಿಮ್ಮದಾದರೆ ಏನು ಹಚ್ಚುವುದೆಂದು ಅವರನ್ನೇ ಕೇಳಿ.

ಆಲಿವ್ ಎಣ್ಣೆಯನ್ನು ವಿದೇಶದಿಂದ ಬರುವ ನೆಂಟರು ಪ್ರೀತಿಯಿಂದ ತರುತ್ತಾರೆ. ಅದನ್ನು ಅಡುಗೆಮನೆಗೇ ಕಳಿಸಿ. ಅದರಲ್ಲಿ ಒಲೀಕ್ ಆಮ್ಲ ಹೆಚ್ಚು, ದೊಡ್ಡವರ ಚರ್ಮದಲ್ಲೇ ಅದು ಹೊರಪದರವನ್ನು ಸಡಿಲಿಸುತ್ತದೆ ಎಂದು ತೋರಿಬಂದಿದೆ. 2016ರಲ್ಲಿ ಮ್ಯಾಂಚೆಸ್ಟರ್‌ನಿಂದ ಬಂದ ಸಣ್ಣ ಪರೀಕ್ಷೆಯೊಂದರಲ್ಲಿ ನವಜಾತ ಶಿಶುಗಳಿಗೆ ನಾಲ್ಕು ವಾರ ಆಲಿವ್ ಅಥವಾ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಎರಡರಲ್ಲೂ ಚರ್ಮದ ತೇವ ಹೆಚ್ಚಿತು, ಆದರೆ ಚರ್ಮದೊಳಗಿನ ಕೊಬ್ಬಿನ ಪದರಗಳು ಎಣ್ಣೆ ಹಚ್ಚದ ಮಕ್ಕಳಲ್ಲಿ ಆದಷ್ಟು ಚೆನ್ನಾಗಿ ಬಿಗಿಯಾಗಲಿಲ್ಲ. ಹಾಗಾಗಿ ಮೊದಲ ತಿಂಗಳು ಆರೋಗ್ಯವಾಗಿರುವ ಚರ್ಮದ ಮೇಲೆ ಎಣ್ಣೆ ಸುರಿಯುವ ಆತುರ ಬೇಡ.

ಸಾಸಿವೆ ಎಣ್ಣೆ ಉತ್ತರ ಭಾರತದ ಪದ್ಧತಿ. ದೆಹಲಿಯಲ್ಲೋ ಕೋಲ್ಕತ್ತದಲ್ಲೋ ಇರುವ ಕನ್ನಡದ ಮನೆಗಳಿಗೆ ಆಯಾಗಳ ಮೂಲಕ ಬರುತ್ತದೆ. ಅದರ ಘಾಟಿಗೆ ಕಾರಣವಾದ ರಾಸಾಯನಿಕವೇ ಚರ್ಮವನ್ನು ಕೆರಳಿಸುತ್ತದೆ. ಮೊದಲೇ ಕೆರಳಿದ ಚರ್ಮಕ್ಕೆ ಬೇಡ. ಹರಳೆಣ್ಣೆ ಜಿಗುಟು, ನೆತ್ತಿಗೆ ಒಂದು ಹನಿ ಪರವಾಗಿಲ್ಲ, ಮೈಗೆ ಅನುಕೂಲವಿಲ್ಲ.

ಶೇಂಗಾ ಎಣ್ಣೆ, ಬಾದಾಮಿ ಎಣ್ಣೆ, ಬೆಣ್ಣೆ, ಹಾಲಿನ ಕೆನೆಗಳದು ಬೇರೆ ಸಮಸ್ಯೆ. ಒಡೆದ, ಕೆರಳಿದ ಚರ್ಮದ ಮೂಲಕ ಆಹಾರದ ಪ್ರೋಟೀನು ಒಳಗೆ ಹೋದರೆ ದೇಹ ಅದನ್ನು ಶತ್ರುವೆಂದು ಗುರುತು ಹಾಕಿಕೊಳ್ಳಬಹುದು, ಮುಂದೆ ಅದೇ ಆಹಾರ ಬಾಯಿಗೆ ಬಂದಾಗ ಅಲರ್ಜಿಯಾಗಬಹುದು. ಕಡಲೆಕಾಯಿ ಎಣ್ಣೆ ಇದ್ದ ಕ್ರೀಮು ಹಚ್ಚಿಸಿಕೊಂಡ ಕೂಸುಗಳಿಗೂ ಆಮೇಲಿನ ಕಡಲೆಕಾಯಿ ಅಲರ್ಜಿಗೂ ನಂಟಿದೆಯೆಂದು 2003ರಲ್ಲೇ ಬ್ರಿಟನ್ನಿನ ಅಧ್ಯಯನವೊಂದು ಹೇಳಿತ್ತು. ಕಲಬುರಗಿ, ರಾಯಚೂರು ಕಡೆ ಮನೆಯಲ್ಲಿ ಯಾವಾಗಲೂ ಇರುವುದು ಶೇಂಗಾ ಎಣ್ಣೆಯೇ, ನಿಜ. ಮಗುವಿನ ಬಿರಿದ ಕೆನ್ನೆಗೆ ಮಾತ್ರ ಬೇರೆಯದನ್ನು ತರಿಸಿ. ಓಟ್ಸ್ ಪುಡಿಯ ಸ್ನಾನ ತುರಿಕೆಗೆ ಸ್ವಲ್ಪ ಹಿತ ಕೊಡುತ್ತದೆ. ಆದರೆ ಅದೂ ಆಹಾರವೇ, ತೊಟ್ಟಿಯನ್ನು ಜಾರುವಂತೆಯೂ ಮಾಡುತ್ತದೆ. ನಾನು ಅದರ ಪರ ಇಲ್ಲ.

ವ್ಯಾಸಲೀನ್, ಕ್ರೀಮು, ಲೋಶನ್

ಬಣ್ಣ, ವಾಸನೆ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು, ಅಂದರೆ ವ್ಯಾಸಲೀನನ್ನು, ಜನ ಅಗ್ಗವೆಂದೇ ಕಡೆಗಣಿಸುತ್ತಾರೆ. ಅಮೆರಿಕದಲ್ಲಿ 1872ರಲ್ಲೇ ಪೇಟೆಂಟ್ ಆದ ಪದಾರ್ಥ ಅದು, ಇಂದಿಗೂ ಚರ್ಮದಿಂದ ನೀರು ಹಾರಿಹೋಗದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಅದರಲ್ಲಿ ನೀರಿಲ್ಲ, ಹಾಗಾಗಿ ಕೆಡದಂತೆ ಇಡುವ ರಾಸಾಯನಿಕವೂ ಬೇಕಿಲ್ಲ. ಬಿರಿದ ಕಡೆ ಉರಿಯುವುದೂ ಕಡಿಮೆ. ಕುಂದು ಏನೆಂದರೆ ಜಿಡ್ಡು. ಸೆಕೆಯಲ್ಲಿ ಹಚ್ಚಿದರೆ ಬೆವರುಸಾಲೆ ಏಳುತ್ತದೆ, ಬಟ್ಟೆಗೆ ಕಲೆ ಬೀಳುತ್ತದೆ. ಇನ್ನೊಂದು ವಿಷಯ: ಅದು ಇರುವ ತೇವವನ್ನು ಹಿಡಿದಿಡುತ್ತದೆಯೇ ಹೊರತು ತಾನು ತೇವ ಕೊಡುವುದಿಲ್ಲ. ಒಣಗಿದ ಮೈಗೆ ಹಚ್ಚಿದರೆ ಅರ್ಧ ಲಾಭ. ಸ್ನಾನವಾದ ಕೂಡಲೇ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಮೈ ಇನ್ನೂ ಪಸೆಯಿರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಬೇಕು.

ಕ್ರೀಮಿನಲ್ಲಿ ನೀರೂ ಇದೆ, ಎಣ್ಣೆಯೂ ಇದೆ. ಗ್ಲಿಸರಿನ್ ಇದ್ದರೆ ತೇವ ಹಿಡಿಯುತ್ತದೆ, ಸೆರಮೈಡ್ ಇದ್ದರೆ ಚರ್ಮದ ಸ್ವಂತ ಕೊಬ್ಬಿಗೆ ಹತ್ತಿರದ್ದು. ಜಿಡ್ಡು ಕಡಿಮೆ, ಹಗಲಿಗೆ ಅನುಕೂಲ. ಲೋಶನ್‌ನಲ್ಲಿ ನೀರೇ ಹೆಚ್ಚು. ಹಚ್ಚಲು ಹಗುರ, ಬೇಗ ಒಣಗುತ್ತದೆ. ಮಕ್ಕಳ ಕಪಾಟಿನಲ್ಲಿ ಅತಿ ಹೆಚ್ಚು ಮಾರಾಟಕ್ಕಿರುವುದು ಸುವಾಸನೆಯ ಲೋಶನ್ನುಗಳೇ. ಆ "ಮಗುವಿನ ಘಮ" ನಮಗಾಗಿ ಹಾಕಿದ್ದು, ಮಗುವಿಗಾಗಿ ಅಲ್ಲ. ಡಬ್ಬಿಯ ಹಿಂದೆ ಫ್ರಾಗ್ರೆನ್ಸ್ ಅಥವಾ ಪರ್ಫ್ಯೂಮ್ ಎಂಬ ಪದ ಕಂಡರೆ ವಾಪಸ್ ಇಡಿ. ದೊಡ್ಡವರ ಹಿಮ್ಮಡಿ ಒಡಕಿಗೆ ಬರುವ ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲದ ಕ್ರೀಮುಗಳನ್ನು ಮನೆಯಲ್ಲಿದೆಯೆಂದು ಮಗುವಿಗೆ ಬಳಸಬೇಡಿ.

ಹಾಗಾದರೆ ಇವುಗಳಲ್ಲಿ ಶ್ರೇಷ್ಠ ಯಾವುದು? ಬ್ರಿಟನ್ನಿನಲ್ಲಿ ಎಕ್ಸಿಮಾ ಇದ್ದ 550 ಮಕ್ಕಳಿಗೆ ಲೋಶನ್, ಕ್ರೀಮು, ಜೆಲ್, ಮುಲಾಮುಗಳನ್ನು (ವ್ಯಾಸಲೀನಿನಂಥ ಜಿಡ್ಡಿನವು) ಹಂಚಿ 16 ವಾರ ನೋಡಿದರು. 2022ರಲ್ಲಿ ಬಂದ ಫಲಿತಾಂಶ: ನಾಲ್ಕರ ನಡುವೆ ಪರಿಣಾಮದಲ್ಲಿ ವ್ಯತ್ಯಾಸವಿಲ್ಲ. ಉರಿಯುತ್ತದೆ ಎಂಬ ದೂರು ಮಾತ್ರ ಮುಲಾಮಿನವರಲ್ಲಿ ಕಡಿಮೆ. ಈ ಫಲಿತಾಂಶ ನನಗೆ ಬಹಳ ನೆಮ್ಮದಿ ಕೊಟ್ಟದ್ದು. ನಿಮ್ಮ ಕೈಗೆ ಯಾವುದು ಒಗ್ಗುತ್ತದೋ, ತಿಂಗಳು ತಿಂಗಳೂ ಕೊಳ್ಳಲು ಯಾವುದು ಎಟಕುತ್ತದೋ, ಅದನ್ನೇ ಆರಿಸಿ. ದುಬಾರಿ ಟ್ಯೂಬನ್ನು ಬಟಾಣಿ ಕಾಳಿನಷ್ಟು ಹಿಂಡಿ ಇಡೀ ಮೈಗೆ ಸವರುವುದಕ್ಕಿಂತ ಅಗ್ಗದ ಡಬ್ಬಿಯಿಂದ ಧಾರಾಳವಾಗಿ ಹಚ್ಚುವುದು ಮೇಲು. ಎಕ್ಸಿಮಾ ಇರುವ ಮಕ್ಕಳಿಗೆ ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ ಹೇಳುವ ಅಳತೆ ವಾರಕ್ಕೆ 250ರಿಂದ 500 ಗ್ರಾಮ್. ಸಾದಾ ಒಣ ಚರ್ಮಕ್ಕೆ ಅಷ್ಟು ಬೇಡ, ಆದರೆ 50 ಗ್ರಾಮಿನ ಟ್ಯೂಬು ಮೂರು ತಿಂಗಳು ಬಂತು ಅಂದರೆ ಹಚ್ಚಿದ್ದು ಸಾಲಲಿಲ್ಲ ಅಂತಲೇ. ಸ್ನಾನದ ನೀರಿಗೆ ಹಾಕುವ ವಿಶೇಷ ಎಣ್ಣೆಗಳ ಖರ್ಚನ್ನು ಉಳಿಸಿಕೊಳ್ಳಬಹುದು. 2018ರಲ್ಲಿ ಬ್ರಿಟನ್ನಿನಲ್ಲೇ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಅವುಗಳಿಂದ ಎಕ್ಸಿಮಾ ಮಕ್ಕಳಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಹಚ್ಚುವಾಗ ಕೂದಲು ಬೆಳೆದ ದಿಕ್ಕಿಗೇ, ಮೇಲಿನಿಂದ ಕೆಳಕ್ಕೆ, ಸವರಿ, ಉಜ್ಜಬೇಡಿ. ಡಬ್ಬಿಯೊಳಗೆ ಬೆರಳು ಅದ್ದಬೇಡಿ, ಶುಭ್ರವಾದ ಚಮಚೆಯಿಂದ ತೆಗೆಯಿರಿ. ಜೊಲ್ಲಿನ ಜಾಗಕ್ಕೆ ಹಾಲೂಡಿಸುವ, ಉಣಿಸುವ ಮೊದಲೇ ತೆಳುವಾಗಿ ವ್ಯಾಸಲೀನ್ ಹಚ್ಚಿದರೆ ಜೊಲ್ಲು ಚರ್ಮಕ್ಕೆ ತಾಗುವುದಿಲ್ಲ.

ಮಗುವಿನ ಚರ್ಮ ಚೆನ್ನಾಗಿಯೇ ಇದ್ದರೂ ಮುಂದೆ ಎಕ್ಸಿಮಾ ಬಾರದಿರಲೆಂದು ಹಚ್ಚಬೇಕೇ? 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ ಒಂದು ವರ್ಷ ದಿನಾ ಹಚ್ಚಿದರೂ ಎರಡನೆಯ ವರ್ಷಕ್ಕೆ ಎಕ್ಸಿಮಾ ಕಡಿಮೆಯಾಗಿರಲಿಲ್ಲ. ಚರ್ಮದ ಸೋಂಕು ಮಾತ್ರ ಹಚ್ಚಿದವರಲ್ಲಿ ಸ್ವಲ್ಪ ಹೆಚ್ಚಿತ್ತು. ನುಣುಪಾಗಿರುವ ಚರ್ಮವನ್ನು ಅದರ ಪಾಡಿಗೆ ಬಿಡಿ.

ಊರು ನೋಡಿ, ಕಾಲ ನೋಡಿ

ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲೇ ಪಸೆ. ಅಲ್ಲಿ ಬೇಸಿಗೆಯಲ್ಲಿ ಮೈತುಂಬ ವ್ಯಾಸಲೀನ್ ಅಂದರೆ ಮಗುವಿಗೆ ಶಿಕ್ಷೆ. ಹಗುರ ಲೋಶನ್ ಅಥವಾ ಒರಟಾದ ಕಡೆಗಷ್ಟೇ ಕೊಬ್ಬರಿ ಎಣ್ಣೆ ಸಾಕು. ವಿಜಯಪುರ, ಬಳ್ಳಾರಿ, ಚಿತ್ರದುರ್ಗದ ಒಣ ಹವೆಯಲ್ಲಿ, ದೀಪಾವಳಿಯಿಂದ ಶಿವರಾತ್ರಿವರೆಗಿನ ಚಳಿಯಲ್ಲಿ ಲೋಶನ್ ನಿಲ್ಲುವುದಿಲ್ಲ. ಹಗಲಿಗೆ ಕ್ರೀಮು, ರಾತ್ರಿ ಮಲಗಿಸುವಾಗ ಕೆನ್ನೆ, ಕೈಕಾಲಿಗೆ ವ್ಯಾಸಲೀನ್. ಬೆಂಗಳೂರು, ಮೈಸೂರು ನಡುವಿನವು: ಮಳೆಗಾಲದಲ್ಲಿ ಎಣ್ಣೆ ಸಾಕು, ಡಿಸೆಂಬರ್ ಬಂದರೆ ದಪ್ಪನೆಯದಕ್ಕೆ ಬದಲಿಸಿ. ಕೊಡಗಿನಲ್ಲಿ ಬೆಂಕಿ ಹಾಕಿ ಕೋಣೆ ಬೆಚ್ಚಗಿಡುವ ಮನೆಗಳಲ್ಲೂ ಟೊರಾಂಟೊ, ಮಿನಿಯಾಪೊಲಿಸ್‌ಗಳ ಹೀಟರ್ ಮನೆಗಳಲ್ಲೂ ಗಾಳಿ ಒಣಗುತ್ತದೆ. ಅಲ್ಲಿರುವವರು ಊರಿನಿಂದ ಬಾಣಂತನಕ್ಕೆ ಬಂದ ಅಮ್ಮನ ಕೊಬ್ಬರಿ ಎಣ್ಣೆಯನ್ನಷ್ಟೇ ನಂಬಿದರೆ ಚಳಿಗಾಲ ಕಳೆಯುವುದು ಕಷ್ಟ. ಮಗುವಿಗೆ ಸ್ನಾನವನ್ನೂ ವಾರಕ್ಕೆ ಎರಡು ಮೂರು ಸಲಕ್ಕೆ ಇಳಿಸಬಹುದು.

ಸಾಂಬ್ರಾಣಿ ಹಾಕುವ ಮನೆಯವರಿಗೆ ಒಂದು ಮಾತು. ಹೊಗೆ ಕೂಸಿನ ಉಸಿರಿಗೆ ಒಳ್ಳೆಯದಲ್ಲ ಅನ್ನುವುದು ಒಂದು. ವ್ಯಾಸಲೀನ್, ಎಣ್ಣೆ ಹೀರಿಕೊಂಡ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಗೆದರೂ ಪೂರ್ತಿ ಹೋಗಿರುವುದಿಲ್ಲ ಅನ್ನುವುದು ಇನ್ನೊಂದು. ಕೆಂಡದ ಹತ್ತಿರ ಅಂಥ ಬಟ್ಟೆ ಸುತ್ತಿದ ಮಗುವನ್ನು ಹಿಡಿಯಬೇಡಿ.

ಮನೆಯಲ್ಲಿದ್ದರೂ ಮಗುವಿಗೆ ಬೇಡ

ಮೊದಲನೆಯದು ಕರ್ಪೂರ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ತುರಿಕೆಗೂ ನೆಗಡಿಗೂ ಹಚ್ಚುವುದು ನಮ್ಮಲ್ಲಿ ಎಷ್ಟು ರೂಢಿಯೆಂದರೆ ಯಾರೂ ಅದನ್ನು ಔಷಧಿ ಎಂದು ಲೆಕ್ಕಕ್ಕೇ ಇಡುವುದಿಲ್ಲ. ಕರ್ಪೂರ ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ, ಎಳೆಯ ಮಕ್ಕಳಲ್ಲಿ ಫಿಟ್ಸ್ ತರಬಲ್ಲದು. ಕರ್ಪೂರ ಬೆರೆತ ಬಾಮುಗಳೂ ಅದೇ ಸಾಲಿನವು. ಬೇವಿನ ಎಣ್ಣೆ ಬಾಯಿಗೆ ಹೋದರೆ ಕೈಗೂಸುಗಳಿಗೆ ವಿಷವಾಗುತ್ತದೆ, ಮಗು ಕೈ ಚೀಪುವುದನ್ನು ಬಿಡುವುದಿಲ್ಲ. ಹಾಗಾಗಿ ಅದೂ ಬೇಡ. ಅರಿಶಿನ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ, ಮೇಲಾಗಿ ಬಣ್ಣ ಮುಚ್ಚಿ ಕೆರಳಿಕೆ ಕಾಣದಂತೆ ಮಾಡುತ್ತದೆ. ಕ್ಯಾಲಮೈನ್ ಒಣಗಿಸುವ ಮದ್ದು, ಒಣ ಚರ್ಮಕ್ಕೆ ಅಲ್ಲ. ಪೌಡರ್ ತೇವ ಹೀರುತ್ತದೆ, ಅದರ ದೂಳು ಮಗುವಿನ ಶ್ವಾಸಕೋಶಕ್ಕೂ ಹೋಗುತ್ತದೆ. ಟಾಲ್ಕ್ ಆಗಲಿ ಮೆಕ್ಕೆಜೋಳದ ಪಿಷ್ಟದ್ದಾಗಲಿ ಬೇಕಿಲ್ಲ. ಮೂಗಿಗೆ, ಕಿವಿಗೆ, ಹೊಕ್ಕುಳಿಗೆ ಎಣ್ಣೆ ಬಿಡುವುದನ್ನೂ ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುವುದುಂಟು. ಎದೆಹಾಲು ಹಚ್ಚುವುದರಿಂದ ಹಾನಿ ಇಲ್ಲ, ಆದರೆ ಒಣ ಚರ್ಮಕ್ಕೆ ಅದನ್ನು ನಂಬಿಕೊಂಡು ಕೂರಬೇಡಿ.

ತಾಯಿಯ ಪಥ್ಯವನ್ನೂ ಇಲ್ಲೇ ಹೇಳಬೇಕು. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ನೀನು ತಿಂದದ್ದಕ್ಕೇ ಮಗುವಿಗೆ ಇಸುಬು ಎಂದು ಬಾಣಂತಿಯ ತಟ್ಟೆಯಿಂದ ಒಂದೊಂದಾಗಿ ತೆಗೆಯುತ್ತಾರೆ. ಚರ್ಮ ಒಣಗಿದೆ ಎಂಬ ಒಂದೇ ಕಾರಣಕ್ಕೆ ಹಾಲೂಡಿಸುವ ತಾಯಿ ಏನನ್ನೂ ಬಿಡಬೇಕಿಲ್ಲ. ದೊಡ್ಡ ಮಗುವಿನ ಕೆನ್ನೆಯಲ್ಲಿ ಮಸುಕು ಬಿಳಿ ಮಚ್ಚೆ ಕಂಡರೆ ಜಂತುಹುಳು, ಕ್ಯಾಲ್ಸಿಯಂ ಕೊರತೆ ಎನ್ನುವುದೂ ಇಂಥದ್ದೇ. ಸಾಮಾನ್ಯವಾಗಿ ಅದು ಒಣ ಚರ್ಮ ಬಿಟ್ಟುಹೋದ ಗುರುತು, ನಿಧಾನವಾಗಿ ತುಂಬಿಕೊಳ್ಳುತ್ತದೆ.

ಡಾಕ್ಟರಿಗೆ ಯಾವಾಗ, ಆ ಸಣ್ಣ ಟ್ಯೂಬು ಯಾವಾಗ

ಜೇನಿನ ಬಣ್ಣದ ಹೆಪ್ಪು, ಕೀವು, ನೀರು ಸೋರುವುದು, ಜ್ವರ, ಹಾಲು ಕುಡಿಯದಿರುವುದು: ಇವುಗಳಲ್ಲಿ ಯಾವುದಿದ್ದರೂ ಮನೆಮದ್ದು ಬಿಟ್ಟು ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಚರ್ಮ ಹೇಗೇ ಇರಲಿ, ಅವತ್ತೇ ತೋರಿಸಬೇಕು. ಎಕ್ಸಿಮಾದ ಮೇಲೆ ಒತ್ತೊತ್ತಾಗಿ ನೀರುಗುಳ್ಳೆಗಳು ಎದ್ದು ಮಗು ನರಳುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ. ಅಂಗೈ, ಅಂಗಾಲಿನಲ್ಲೂ ಗುಳ್ಳೆಗಳಿದ್ದು, ಮನೆಯಲ್ಲಿ ಬೇರೆಯವರಿಗೂ ರಾತ್ರಿ ತುರಿಕೆ ಹೆಚ್ಚಿದ್ದರೆ ಅದು ತುರಿಕಜ್ಜಿ ಇರಬಹುದು. ಆಗ ಮನೆಮಂದಿಯೆಲ್ಲ ಒಟ್ಟಿಗೆ ಚಿಕಿತ್ಸೆ ತೆಗೆದುಕೊಳ್ಳಬೇಕು. ಯಾವ ಎಣ್ಣೆಗೂ ಅದು ಬಗ್ಗುವುದಿಲ್ಲ. ಇವೇನೂ ಇಲ್ಲದೆ, ಸರಿಯಾಗಿ ಹಚ್ಚಿಯೂ ಒಂದೆರಡು ವಾರದಲ್ಲಿ ಗುಣ ಕಾಣದಿದ್ದರೆ, ಅಥವಾ ತುರಿಕೆಯಿಂದ ನಿದ್ದೆ ಕೆಡುತ್ತಿದ್ದರೆ, ಮಕ್ಕಳ ಡಾಕ್ಟರು ನೋಡಲಿ.

ಮೆಡಿಕಲ್ ಶಾಪಿನವರು ಕೊಡುವ ಸಣ್ಣ ಟ್ಯೂಬಿನಲ್ಲಿ ಬಹಳ ಸಲ ಇರುವುದು ಪ್ರಬಲ ಸ್ಟಿರಾಯ್ಡ್, ಜೊತೆಗೆ ಫಂಗಸ್ ಮದ್ದು, ಆಂಟಿಬಯಾಟಿಕ್ ಎಲ್ಲ ಕಲಸಿದ್ದು. ಹೆಸರಿನ ಕೊನೆಗೆ ಏನಿದೆ ಅಂತಲ್ಲ, ಸಣ್ಣ ಅಕ್ಷರದಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್ ಇದೆಯೇ ಎಂದು ಓದಿ. ಎರಡು ದಿನದಲ್ಲಿ ಚರ್ಮ ಹೊಳೆಯುತ್ತದೆ, ಅದೇ ಮೋಸ. ಮುಂದುವರಿಸಿದರೆ ಚರ್ಮ ತೆಳುವಾಗುತ್ತದೆ, ನಿಲ್ಲಿಸಿದರೆ ಇಮ್ಮಡಿಯಾಗಿ ಮರಳುತ್ತದೆ. ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು, ಅಂಗಡಿಗಳಲ್ಲಿ ಕೇಳಿದರೆ ಇನ್ನೂ ಸಿಗುತ್ತವೆ. ಹಾಗೆಂದು ಡಾಕ್ಟರೇ ಮಗುವನ್ನು ನೋಡಿ ಹೈಡ್ರೋಕಾರ್ಟಿಸೋನಿನಂಥ ಸೌಮ್ಯವಾದದ್ದನ್ನು ಇಷ್ಟು ದಿನ, ಇಷ್ಟು ಜಾಗಕ್ಕೆ ಎಂದು ಬರೆದುಕೊಟ್ಟರೆ, ಸ್ಟಿರಾಯ್ಡ್ ಎಂಬ ಹೆಸರಿಗೆ ಹೆದರಿ ಅದನ್ನು ಕಪಾಟಿನಲ್ಲಿ ಮುಚ್ಚಿಡಬೇಡಿ. ಹೇಳಿದಷ್ಟು ದಿನ ಹಚ್ಚಿ; ವ್ಯಾಸಲೀನೋ ಕ್ರೀಮೋ ಅದರ ಜೊತೆಗೂ, ಅದು ಮುಗಿದ ಮೇಲೂ ನಡೆಯುತ್ತಿರಲಿ. ಎರಡನ್ನೂ ಒಟ್ಟಿಗೆ ಕಲಸಬೇಡಿ, ನಡುವೆ ಕಾಲು ಗಂಟೆಯಾದರೂ ಬಿಡಿ.